ವರ್ಷಗಟ್ಟಲೆ ತೊಳೆಯದ ವ್ಯಾನ್: ಸ್ವಂತ ಕೈಯಾ, ಬಾಡಿಗೆ ಯಂತ್ರವಾ, ಡೀಟೇಲಿಂಗ್ ಅಂಗಡಿಯಾ?

ಬ್ರಷ್, ಬಕೆಟ್ ಹಿಡಿದು ನೀವೇ ಇಳಿದರೆ ಖರ್ಚು ಕಡಿಮೆ, ಆದರೆ ದೊಡ್ಡ ಗಾಡಿಗೆ ಎರಡು ದಿನ ಇಟ್ಟುಕೊಳ್ಳಿ. ಡೀಟೇಲಿಂಗ್ ಅಂಗಡಿಯವರು, ಅಂದ್ರೆ ಗಾಡಿಯ ಒಳಹೊರಗೆ ಪೂರ್ತಿ ತೊಳೆದು ಪಾಲಿಶ್ ಮಾಡಿಕೊಡೋರು, ಗಾತ್ರ, ಕೊಳೆ ನೋಡಿ ದರ ಹೇಳ್ತಾರೆ. ಒಳಗಿನ ಫೋಟೊ ಮೊದಲೇ ಕಳಿಸಿ.

ನಿಜವಾದ ವ್ಯತ್ಯಾಸ ಕಾಣೋದು ಕಾರ್ಪೆಟ್‌ನಲ್ಲಿ. ಸೀಟಿನ ಕಂಬಿ ಸಂದಿಯಲ್ಲಿ ಬಿಸ್ಕತ್ ಪುಡಿ, ಕೂದಲು, ಚೆಲ್ಲಿದ ಜ್ಯೂಸು ಸೇರಿ ಕಪ್ಪು ಅಂಟಾಗಿರುತ್ತೆ. ಯಾವ ದಾರಿ ಹಿಡಿದರೂ ಮೊದಲು ಒಣ ವ್ಯಾಕ್ಯೂಮ್. ಇಲ್ಲಾಂದ್ರೆ ಧೂಳೆಲ್ಲ ಕೆಸರಾಗುತ್ತೆ. ಬ್ರಷ್ ಮೇಲಿನ ಕಲೆ ತೆಗೆಯುತ್ತೆ, ಅಡಿಯ ಫೋಮಿಗೆ ಇಳಿದ ವಾಸನೆಯನ್ನಲ್ಲ. ನೀರು ಚಿಮ್ಮಿಸಿ ಕೊಳೆ ಸಮೇತ ಹೀರುವ ಎಕ್ಸ್‌ಟ್ರಾಕ್ಟರ್ ಬಾಡಿಗೆಗೆ ತಂದರೆ ಅಲ್ಲಿ ಗೆಲ್ಲುತ್ತೆ. ಹಾಲು, ವಾಂತಿ ವಾಸನೆಗೆ ಎನ್‌ಜೈಮ್ ಕ್ಲೀನರ್ (ವಾಸನೆಯ ಮೂಲವನ್ನೇ ಒಡೆಯುವ ದ್ರಾವಣ) ಬೇಕು. ಆಮೇಲೆ ಬಾಗಿಲು ತೆಗೆದಿಟ್ಟು ಫ್ಯಾನ್ ಹಾಕಿ. ತೇವ ಉಳಿದರೆ ಬೂಷ್ಟು ಖಂಡಿತ.

ಸೀಟಿನಡಿ ಏರ್‌ಬ್ಯಾಗ್ ವೈರ್ ಇದ್ದರೆ ದಯವಿಟ್ಟು ನೀವೇ ಬಿಚ್ಚಬೇಡಿ. ಪಾಲಿಶ್ ಯಂತ್ರವೂ ಅಷ್ಟೇ, ಪಳಗದ ಕೈಯಲ್ಲಿ ಕ್ಲಿಯರ್ ಕೋಟ್, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸುಟ್ಟುಹೋಗಬಹುದು.

ಬರೀ ಧೂಳು, ಮಣ್ಣಾದರೆ ನಿಮ್ಮ ಕೈಯೇ ಸಾಕು. ಕಲೆ, ವಾಸನೆ ಇಳಿದಿದ್ದರೆ ಬಾಡಿಗೆ ಯಂತ್ರ. ಬೂಷ್ಟು ಹಬ್ಬಿದ್ದರೆ, ಬಣ್ಣ ಮಂಕಾಗಿದ್ದರೆ, ಅಥವಾ ಸೊಂಟನೋವಿದ್ದರೆ ಅಂಗಡಿಗೇ ಬಿಡಿ.