ಕೌನ್ಸೆಲಿಂಗ್ ಪಿಎಚ್‌ಡಿ: ಸಂಶೋಧನೆ ಕಲಿಯಲು ಕೋರ್ಸ್‌ವರ್ಕ್, ಸ್ವಯಂ ಪಾಠ, ಸೀನಿಯರ್ ಜೊತೆಗಿನ ಕೆಲಸ

ಕೌನ್ಸೆಲಿಂಗ್‌ನಲ್ಲಿ ಪಿಎಚ್‌ಡಿಗೆ ಬರುವವರಿಗೆ ಎದುರಿಗೆ ಕೂತವರ ಮಾತು ಕೇಳಲು ಚೆನ್ನಾಗಿ ಗೊತ್ತಿರುತ್ತದೆ. ಸಂಶೋಧನೆ ಮಾತ್ರ ಹೊಸತು. ಮಂಗಳೂರಿನಲ್ಲಿ ಓದುವಾಗ ನಾನು ಮೂರು ದಾರಿಯಲ್ಲೂ ಕಲಿತೆ. ನನ್ನ ಮತ ಸೀನಿಯರ್ ಒಬ್ಬರ ಅಧ್ಯಯನದಲ್ಲಿ ಕೈಜೋಡಿಸುವುದಕ್ಕೆ.

ಕೋರ್ಸ್‌ವರ್ಕ್ ಹೇಗೂ ಕಡ್ಡಾಯ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್ ಆಗಬೇಕು. ಅದರಲ್ಲಿ ಬರುವ ಸಂಶೋಧನಾ ನೈತಿಕತೆಯ ಪಾಠ ನಿಜವಾಗಿ ಉಪಯೋಗಕ್ಕೆ ಬಂತು. ಅಂಕಿಅಂಶದ ಕ್ಲಾಸ್ ಹಾಗಲ್ಲ. ಎಲ್ಲ ವಿಭಾಗದವರನ್ನೂ ಒಟ್ಟಿಗೆ ಕೂರಿಸಿದ್ದರು. ಕಂಪನಿಗಳ ಲಾಭ ನಷ್ಟದ ಲೆಕ್ಕದಲ್ಲಿ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ) ಕಲಿತರೆ ಪರೀಕ್ಷೆ ಪಾಸಾಗುತ್ತದೆ, ಅಷ್ಟೇ. ಅಮೆರಿಕದಲ್ಲಿ ಕೌನ್ಸೆಲಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೆಕ್ರೆಪ್, ಪಿಎಚ್‌ಡಿಯವರು ಕಲಿಯಬೇಕಾದ ಐದು ವಿಷಯಗಳಲ್ಲಿ ಸಂಶೋಧನೆಯನ್ನೂ ಇಟ್ಟಿದೆ. ಆ ಐದೂ ಕೌನ್ಸೆಲರ್‌ಗಳಿಗಾಗಿಯೇ ಬರೆದದ್ದು. ನಮಗೂ ಅಂಥದ್ದು ಬೇಕು.

ಸ್ವಯಂ ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ. ಅದರ ಪಾಠ ಉಚಿತ. ಅರ್ಥ ಆಗದಿದ್ದರೆ ನಿಲ್ಲಿಸಿ ಮತ್ತೆ ನೋಡಬಹುದು. ಒಂದು ಅಂಶ ಇನ್ನೊಂದರ ಜೊತೆ ಹೇಗೆ ಬದಲಾಗುತ್ತದೆ ಎಂದು ಅಳೆಯುವ ರಿಗ್ರೆಷನ್ ನನ್ನ ತಲೆಗೆ ಹತ್ತಿದ್ದು ಅಲ್ಲೇ. ಆದರೆ ನಾವು ಮಾಡಿದ ಸಂದರ್ಶನ ಓದಿ ಸರಿ ತಪ್ಪು ಹೇಳುವವರು ಅಲ್ಲಿಲ್ಲ.

ಅದು ಸಿಕ್ಕಿದ್ದು ಮಲ್ಪೆಯಲ್ಲಿ. ಸೀನಿಯರ್ ಅಲ್ಲಿನ ಮೀನುಗಾರರ ಮನೆಯ ಹೆಂಗಸರ ಮಾನಸಿಕ ಒತ್ತಡದ ಬಗ್ಗೆ ಕೆಲಸ ಮಾಡುತ್ತಿದ್ದರು. ಯಾವಾಗ ಹೋಗಬೇಕು ಎಂಬುದೇ ಮೊದಲ ಪಾಠ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಹೋದರೆ ದುಡ್ಡಿನ ಚಿಂತೆ ಕೇಳಿಸುತ್ತದೆ, ಗಂಡಸರೂ ಮನೆಯಲ್ಲೇ ಇರುತ್ತಾರೆ. ಆಗಸ್ಟ್ ಕಳೆದ ಮೇಲೆ ಹೋದರೆ ಕಡಲಿಗೆ ಹೋದವರ ಚಿಂತೆ. ಒಂದೇ ಸಲ ಹೋಗಿ ಬಂದರೆ ಅರ್ಧ ಮಾತ್ರ ಸಿಗುತ್ತದೆ ಅಲ್ವಾ? ಹಾಗಾಗಿ ಎರಡೂ ಸಮಯದಲ್ಲಿ ಹೋದೆವು.

ತುಳುವಿನ ರೆಕಾರ್ಡಿಂಗ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಸೀನಿಯರ್ ಜೊತೆ ಸಾಲು ಸಾಲಾಗಿ ಓದುತ್ತಿದ್ದೆವು. 'ನಿಮಗೆ ಒಂಟಿತನ ಅನ್ನಿಸಿರಬೇಕು' ಎಂಬ ಮಾತು ಕೌನ್ಸೆಲಿಂಗ್‌ನಲ್ಲಿ ಒಳ್ಳೆಯದು. ಸಂಶೋಧನೆಯಲ್ಲಿ ಅದು ನಾವೇ ಅವರ ಬಾಯಿಗೆ ಹಾಕುವ ಉತ್ತರ. ಅವರು ಹೂಂ ಅಂದರೆ, ಕೊನೆಗೆ ನಮ್ಮ ಮಾತೇ ಫಲಿತಾಂಶ ಅಂತ ಅಚ್ಚಾಗುತ್ತದೆ. ನಮ್ಮಂಥವರಿಗೆ ಇದನ್ನು ಬಿಡುವುದು ತುಂಬಾ ಕಷ್ಟ. ಯಾರಾದರೂ ಅತ್ತರೆ ರೆಕಾರ್ಡರ್ ನಿಲ್ಲಿಸಿ, ಮುಂದುವರಿಸುವುದೋ ಬೇಡವೋ ಎಂದು ಅವರನ್ನೇ ಕೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಡಬೇಕು. ಅಲ್ಲೇ ಕೌನ್ಸೆಲಿಂಗ್ ಶುರು ಮಾಡಬಾರದು. ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳನ್ನು ಗುರುತಿಸಲು ಸಂಶೋಧಕರಾದ ಬ್ರೌನ್ ಮತ್ತು ಕ್ಲಾರ್ಕ್ 2006ರಲ್ಲಿ ಹೇಳಿದ ಆರು ಹಂತಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಹಿಂದೆ ಮುಂದೆ ಹೋಗುತ್ತಾ ಅವನ್ನು ಬಳಸುವುದು ಗೊತ್ತಾದದ್ದು ಇಲ್ಲಿ.

ಈ ದಾರಿಯಲ್ಲೂ ತೊಂದರೆ ಇದೆ. ನಮ್ಮ ಥೀಸಿಸ್‌ನ ಸಮಯ ಜಾಸ್ತಿ ಹೋಗುತ್ತದೆ. ಅಂಕಿಅಂಶಕ್ಕೆ ಸ್ವಯಂ ಬೇಕೇ ಬೇಕು. ಸೇರಿದ ಮೊದಲ ತಿಂಗಳಲ್ಲೇ ಗೈಡ್ ಹತ್ತಿರ ಯಾವ ಅಧ್ಯಯನ ನಡೀತಿದೆ ಎಂದು ಕೇಳಿ. ಲೇಖನದಲ್ಲಿ ಹೆಸರು ಯಾರದು, ಯಾವ ಕ್ರಮದಲ್ಲಿ ಎಂಬುದನ್ನು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಳ್ಳಿ.