ಮಲೇಷಿಯನ್ ಸಾಲ್ ಬಾಗಿಲ ಚೌಕಟ್ಟು: ಮರ ಗಟ್ಟಿ, ದಾಖಲೆ ಟೊಳ್ಳು

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರು ಮುಂಬಾಗಿಲಿಗೆ ತೇಗ, ಒಳಬಾಗಿಲುಗಳಿಗೆ ಮಲೇಷಿಯನ್ ಸಾಲ್ ಎಂದು ಮೊದಲೇ ಲೆಕ್ಕ ಹಾಕಿಬಿಡುತ್ತಾರೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಕೇಳಿದ ತಕ್ಷಣ ಸಿಗುವ ಮರ ಇದು. ಚೌಕಟ್ಟಿಗೆ ಒಳ್ಳೆಯ ಮರ, ಎರಡು ಮಾತಿಲ್ಲ. ತೇಗಕ್ಕಿಂತ ಭಾರ, ಬೆಲೆ ಬಹಳ ಕಡಿಮೆ, ಚೇಗು ಬಿಗಿ. ಮೊಳೆ ನೇರ ಹೊಡೆದರೆ ಬಾಗುತ್ತದೆ. ಮೊದಲು ಡ್ರಿಲ್ ಮಾಡಿ ಸ್ಕ್ರೂ ಹಾಕಿಸಿ.

ಕೆಡುವುದು ಹೆಚ್ಚಾಗಿ ತೇವದಿಂದ. ಹಸಿ ಮರ ತಂದು ಕೂರಿಸಿದರೆ ಫೆಬ್ರವರಿ–ಏಪ್ರಿಲ್‌ನ ಒಣಹವೆಗೆ ಕುಗ್ಗಿ, ಗಾರೆಯ ಪಕ್ಕ ಸಂದು ಬಿಡುತ್ತದೆ, ನಿಲುವು ತಿರುಚುತ್ತದೆ. ತೇವ ಅಳೆಯುವ ಮೀಟರ್ ಹಿಡಿದಾಗ ಅದು ಶೇ 12ರ ಆಸುಪಾಸಿರಲಿ. 15 ದಾಟಿದ್ದು ಬೇಡ. ತುದಿಗಳಿಗೂ ಗೋಡೆಗೆ ತಾಗುವ ಮೈಗೂ ಮೊದಲೇ ಪ್ರೈಮರ್ ಬಳಿಸಿ. ಗುಂಡುಸೂಜಿ ಗಾತ್ರದ ಹಳೆಯ ತೂತುಗಳಿಗೆ ಹೆದರಬೇಕಿಲ್ಲ, ಅವು ಹಸಿ ದಿಮ್ಮಿಯಲ್ಲಿದ್ದಾಗಿನವು. ತೂತಿನಿಂದ ಹೊಸ ಪುಡಿ ಉದುರುತ್ತಿದ್ದರೆ ಹುಳು ಜೀವಂತವಾಗಿದೆ, ವಾಪಸ್ ಮಾಡಿ.

ಅಳತೆ: 7 ಅಡಿಯ ಎರಡು ನಿಲುವು, ಮೂರೂವರೆ ಅಡಿಯ ಮೇಲಡ್ಡ, ಅಷ್ಟೇ ಉದ್ದದ ಹೊಸ್ತಿಲು, ಒಟ್ಟು 21 ಅಡಿ. 5×3 ಇಂಚಿಗೆ 21×5×3÷144, ಸುಮಾರು 2.2 ಸಿಎಫ್‌ಟಿ (ಘನ ಅಡಿ). ಬಿಲ್ ಹತ್ತರಿ ಹೊಡೆಯುವ ಮುಂಚಿನ ಅಳತೆಗೇ ಆಗುತ್ತದೆ.

ತೊಂದರೆ ಇರುವುದು ಹೆಸರಿನಲ್ಲಿ. ಮಲೇಷಿಯನ್ ಸಾಲ್ ಎಂಬುದು ಒಂದೇ ಜಾತಿಯ ಮರವಲ್ಲ. ಬಲಾವ್, ಕೆಂಪು ಬಲಾವ್ ಮುಂತಾದ ಶೋರಿಯಾ ಕುಲದ ಮರಗಳಿಗೆ ಅಂಗಡಿಯವರು ಇಟ್ಟ ಹೆಸರು. ಬೋರ್ನಿಯೊ, ಸುಮಾತ್ರ, ಮಲಯ ಪರ್ಯಾಯ ದ್ವೀಪದ ಮಳೆಕಾಡಿನಲ್ಲಿ ಬೆಳೆಯುವ ಈ ಮರಗಳು ಪ್ರತಿ ವರ್ಷ ಹೂ ಬಿಡುವುದಿಲ್ಲ. ಹಲವು ವರ್ಷಕ್ಕೊಮ್ಮೆ ಕಾಡಿಗೆ ಕಾಡೇ ಒಟ್ಟಿಗೆ ಹೂಬಿಟ್ಟು ಕಾಯಿ ಉದುರಿಸುತ್ತದೆ. ಕೊಡಲಿ ಬೀಳುವುದು ಬಲಿತ ಮರಕ್ಕೇ, ಎಂದರೆ ಬೀಜದ ಮರಕ್ಕೇ. ಹೆಣ್ಣು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿ ಒಳಗೆ ಕೂತು ಬಾಯಿ ಮೆತ್ತಿಕೊಳ್ಳುವ ಪೊಟರೆಯೂ ಅಂಥ ಮರದಲ್ಲೇ ಇರುತ್ತದೆ. ದಾಂಡೇಲಿ ಕಾಡು ಬಲ್ಲವರಿಗೆ ಇದು ಹೊಸದಲ್ಲ. ದಿಮ್ಮಿ ಸಾಗಿಸಲು ಮಾಡಿದ ದಾರಿಯಲ್ಲೇ ಬೇಟೆಗಾರರು ಬರುತ್ತಾರೆ, ದೊಡ್ಡ ಮರ ಮುಗಿದ ಕಾಡನ್ನು ಎಷ್ಟೋ ಕಡೆ ತಾಳೆ ಎಣ್ಣೆ ತೋಟಕ್ಕೆ ಬೋಳಿಸಿದ್ದಾರೆ. ಅಲ್ಲಿಯ ಹೆಲ್ಮೆಟೆಡ್ ಹಾರ್ನ್‌ಬಿಲ್ 2015ರಲ್ಲಿ, ಬೋರ್ನಿಯೊ ಒರಾಂಗುಟಾನ್ 2016ರಲ್ಲಿ ಅಳಿವಿನಂಚಿನ ಜೀವಿಗಳನ್ನು ಗುರುತಿಸುವ ಐಯುಸಿಎನ್ ಪಟ್ಟಿಯ ಅತಿ ಗಂಭೀರ ಅಪಾಯದ ವರ್ಗಕ್ಕೆ ಸೇರಿದವು.

ಆದ್ದರಿಂದ ಮರ ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನದೆಂದು ಹೇಳುವ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿ ಪ್ರಮಾಣಪತ್ರ ಇದೆಯೇ ಎಂದು ಕೇಳಲೇಬೇಕು. ಗೋಡೆಗೆ ಅಂಟಿಸಿದ ಪ್ರಮಾಣಪತ್ರ ಲೆಕ್ಕಕ್ಕಿಲ್ಲ. ನಿಮ್ಮ ಬಿಲ್ಲಿನಲ್ಲಿ, ಆ ಮರದ ಸಾಲಿನಲ್ಲೇ, ಪ್ರಮಾಣೀಕೃತ ಎಂದೂ ಮಾರುವವರ ಪ್ರಮಾಣಪತ್ರದ ಕೋಡ್ ಸಂಖ್ಯೆಯೂ ಇರಬೇಕು. ಕೋಡ್ ಅನ್ನು ಆಯಾ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ನಡುವಿನ ಒಬ್ಬ ವ್ಯಾಪಾರಿಗೆ ಪ್ರಮಾಣಪತ್ರ ಇಲ್ಲದಿದ್ದರೂ ಕಾಡಿನಿಂದ ಅಂಗಡಿಯವರೆಗಿನ ದಾಖಲೆಯ ಸರಪಳಿ ಅಲ್ಲಿಗೇ ಕಡಿಯಿತು. ಮರ ಯಾವುದೆಂಬ ಅನುಮಾನವಿದ್ದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಕಟ್ಟಿ ತುಂಡೊಂದನ್ನು ಪರೀಕ್ಷೆಗೆ ಕೊಡಬಹುದು. ಅಲ್ಲಿ ಮರದ ಗುರುತು ಸಿಗುತ್ತದೆ. ಪ್ರಮಾಣೀಕೃತ ಮರವೇ ಎನ್ನುವುದಕ್ಕೆ ಬಿಲ್ಲೇ ಬೇಕು.

ಮರಕ್ಕೆ 5ಕ್ಕೆ 4, ದಾಖಲೆಯಿಲ್ಲದೆ ಮಾರುವ ಪದ್ಧತಿಗೆ 1. ಕೋಡ್ ಇಲ್ಲದ ಮರ ಬಿಟ್ಟುಬಿಡಿ. ಒಳಬಾಗಿಲಿಗೆ ಚೆನ್ನಾಗಿ ಒಣಗಿದ ಹಲಸು, ಬೇವು, ನೆಡುತೋಪಿನ ಅಕೇಶಿಯ ಸಾಕು. ಬಚ್ಚಲಿಗೆ ಗ್ರಾನೈಟ್ ಚೌಕಟ್ಟು ಎಲ್ಲಕ್ಕಿಂತ ಮೇಲು. ಹೊನ್ನೆ, ಮತ್ತಿ ಕೊಳ್ಳುವುದಾದರೆ ಅರಣ್ಯ ಇಲಾಖೆ ಡಿಪೋದ ಕಾಗದ ಕೇಳಿ, ಅವು ನಮ್ಮದೇ ಘಟ್ಟದ ಮರಗಳು.