ಚಾನೆಲ್‌ಗೆ ಯಾವ ಮೈಕು? ನಾಲ್ಕು ತಗೊಂಡು ಕೊನೆಗೆ ವೈರಿಂದಕ್ಕೇ ಬಂದೆ

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಅಂಗಿಗೆ ಸಿಕ್ಕಿಸ್ಕೊಳ್ಳೋ ವೈರಿನ ಕಾಲರ್ ಮೈಕಿಗೆ. ನಾಲ್ಕರಲ್ಲಿ ಅತಿ ಅಗ್ಗದ್ದು ಅದು, ನಾನು ಎಲ್ಲಕ್ಕಿಂತ ಕೊನೆಗೆ ತಗೊಂಡಿದ್ದೂ ಅದನ್ನೇ. ಮೊದಲು ಕ್ಯಾಮೆರಾ ಮೇಲೆ ಕೂರಿಸೋ ಶಾಟ್‌ಗನ್ ಮೈಕು, ಆಮೇಲೆ ಟೇಬಲ್ ಮೇಲಿಡೋ ಯುಎಸ್‌ಬಿ ಮೈಕು, ಆಮೇಲೆ ವೈರ್‌ಲೆಸ್ಸು, ಇಷ್ಟೆಲ್ಲಾ ಕೈ ಸುಟ್ಕೊಂಡ್ಮೇಲೆ ಇದು. ಈ ಕ್ರಮ ಉಲ್ಟಾ ಆಗಿದ್ದಿದ್ರೆ ಉಳಿದ ದುಡ್ಡಲ್ಲಿ ಎರಡು ಒಳ್ಳೆ ಲೈಟು ಬರ್ತಿತ್ತು.

ನಂದು ಸೈಕಲ್ ರಿಪೇರಿ ಯೂಟ್ಯೂಬ್ ಚಾನೆಲ್ಲು. ಪಂಚರ್ ಹಾಕೋದು, ರಿಮ್ ಬೆಂಡ್ ತೆಗೆಯೋದು, ಗೇರ್ ಕೂರಿಸೋದು, ಇಂಥವು. ಒಬ್ನೇ ಮಾಡೋದು, ಕ್ಯಾಮೆರಾ ಹಿಂದೆ ಯಾರೂ ಇರಲ್ಲ. ಮಾತಾಡ್ತಾ ಮಾತಾಡ್ತಾನೇ ಬಗ್ತೀನಿ, ಚಕ್ರದ ಆ ಕಡೆ ಹೋಗ್ತೀನಿ, ಪಾನಾ ಹುಡುಕೋಕೆ ಬೆನ್ನು ತಿರುಗಿಸ್ತೀನಿ, ಬಾಯಿ ಮಾತ್ರ ನಿಲ್ಲಲ್ಲ. ಕೂತ ಜಾಗದಲ್ಲೇ ಕೂತು ಕ್ಯಾಮೆರಾ ನೋಡ್ಕೊಂಡು ಮಾತಾಡೋರು ಇದನ್ನ ನೆನಪಿಟ್ಕೊಂಡು ಮುಂದೆ ಓದಿ, ನಿಮ್ಮ ಲೆಕ್ಕ ಬೇರೆ ಆಗ್ಬಹುದು.

ಮೈಕ್ ಬೇಕು ಅಂತ ಅನ್ನಿಸಿದ್ದು ಹೇಗೆ ಅಂದ್ರೆ, ಮೊದಲ ಹತ್ತು ಹನ್ನೆರಡು ವೀಡಿಯೋ ಫೋನಿನ ಮೈಕಲ್ಲೇ ಮಾಡಿದ್ದೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಪ್ರತಿ ವೀಡಿಯೋಗೂ ಒಂದು ಗ್ರಾಫ್ ಬರುತ್ತಲ್ಲ, ಯಾವ ಸೆಕೆಂಡಿಗೆ ಎಷ್ಟು ಜನ ಇನ್ನೂ ನೋಡ್ತಿದಾರೆ ಅಂತ, ಅದನ್ನ ನೋಡ್ತಾ ಕೂತ್ರೆ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಸೈಕಲ್ ಹತ್ರ ಬಗ್ಗಿದಾಗೆಲ್ಲ ಗೆರೆ ಕೆಳಗಿಳೀತಿತ್ತು. ಮೊದಲು ಅಂದ್ಕೊಂಡೆ ರಿಪೇರಿ ಭಾಗ ಬೋರ್ ಹೊಡೀತಿದೆ ಅಂತ, ಅದನ್ನೇ ಕತ್ತರಿಸಿ ಚಿಕ್ಕದು ಮಾಡ್ದೆ, ಆದ್ರೂ ಅಷ್ಟೇ. ಆಮೇಲೆ ಒಂದಿನ ಕಣ್ಣು ಮುಚ್ಕೊಂಡು ನನ್ನದೇ ವೀಡಿಯೋ ಕೇಳಿಸ್ಕೊಂಡೆ, ಬಗ್ಗಿದಾಗ ನಾನು ಏನ್ ಹೇಳ್ತಿದೀನಿ ಅಂತ ನನಗೇ ಗೊತ್ತಾಗ್ಲಿಲ್ಲ. ರಿಪೇರಿ ವೀಡಿಯೋ ಹುಡುಕ್ಕೊಂಡು ಬಂದೋರಿಗೆ ರಿಪೇರಿ ಮಾಡೋ ಹೊತ್ತಲ್ಲೇ ಧ್ವನಿ ಇಲ್ಲ!

ಧ್ವನಿ ಮೆತ್ತಗಿದ್ರೆ ಯೂಟ್ಯೂಬೇ ಸರಿ ಮಾಡ್ಕೊಳ್ಳುತ್ತೆ ಅಂತ ನಂಬಿದ್ದೆ ನಾನು. ಆದ್ರೆ ಜೋರಿದ್ದಿದ್ದನ್ನ ಅದು ಮೈನಸ್ 14 ಎಲ್‌ಯುಎಫ್‌ಎಸ್ (ಧ್ವನಿ ಎಷ್ಟು ಜೋರು ಅಂತ ಅಳೆಯೋ ಲೆಕ್ಕ) ಅನ್ನೋ ಮಟ್ಟದ ಆಸುಪಾಸಿಗೆ ತಗ್ಗಿಸುತ್ತೆ, ಮೆತ್ತಗಿರೋದನ್ನ ಹಾಗೇ ಬಿಟ್ಬಿಡುತ್ತೆ. ಕಂಪ್ಯೂಟರಲ್ಲಿ ವೀಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಒತ್ತಿದ್ರೆ ಕಂಟೆಂಟ್ ಲೌಡ್‌ನೆಸ್ ಅಂತ ಒಂದು ಅಂಕಿ ಕಾಣುತ್ತೆ. ನನ್ನ ಹಳೇ ವೀಡಿಯೋಗಳದು ಮೈನಸ್ಸಲ್ಲಿ ಎಲ್ಲೋ ಪಾತಾಳದಲ್ಲಿತ್ತು. ಎಡಿಟಿಂಗಲ್ಲಿ ವಾಲ್ಯೂಮ್ ಎತ್ತಿದ್ರೆ ಮಾತಿನ ಜೊತೆಗೆ ಗೋಡೆಯ ಮಾರ್ದನಿ, ಫ್ಯಾನು, ಎಲ್ಲಾ ಎದ್ದು ಬಂತು. ಮೈಕು ಬಾಯಿಂದ ಎಷ್ಟು ದೂರ ಅನ್ನೋದೇ ಅಸಲಿ ವಿಷಯ, ದೂರ ಎರಡು ಪಟ್ಟಾದ್ರೆ ಧ್ವನಿ 6 ಡೆಸಿಬಲ್ ಇಳಿಯುತ್ತೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತೆ.

ಇದು ಗೊತ್ತಿಲ್ದೆ ತಗೊಂಡಿದ್ದೇ ಶಾಟ್‌ಗನ್. ಉದ್ದಕ್ಕೆ ಕೋಲಿನ ಥರ, ಮೇಲೊಂದು ತುಪ್ಪಳದ ಟೋಪಿ, ಕ್ಯಾಮೆರಾ ಮೇಲಿಟ್ರೆ ಭಾರೀ ಗತ್ತು. ಎದುರಿಗಿದ್ದಿದ್ದನ್ನ ಮಾತ್ರ ಹಿಡಿಯುತ್ತೆ ಅಂದ್ರು, ದೂರದಿಂದ ಎಳ್ಕೊಳ್ಳುತ್ತೆ ಅಂತ ನಾನೇ ಅರ್ಥ ಮಾಡ್ಕೊಂಡೆ. ಹಾಗೇನಿಲ್ಲ, ಪಕ್ಕದ ಸದ್ದನ್ನ ಸ್ವಲ್ಪ ಕಮ್ಮಿ ಹಿಡಿಯುತ್ತೆ ಅಷ್ಟೆ. ಎರಡು ಮೀಟರ್ ಆಚೆ ನಿಂತ್ರೆ ಅದೂ ಫೋನ್ ಮೈಕಿನ ತಮ್ಮನೇ. ಅಷ್ಟಕ್ಕೇ ಮುಗಿದಿದ್ರೆ ಬೇಜಾರಿರ್ಲಿಲ್ಲ, ಅಸಲಿ ಗೋಳು ಪಿನ್ನಿಂದು.

ಈ ಪಿನ್ನಿನ ಕಥೆ ಸ್ವಲ್ಪ ಉದ್ದ, ಆದ್ರೆ ಹೊಸಬರು ಎಲ್ರೂ ಇಲ್ಲೇ ಬೀಳೋದು. 3.5 ಎಂಎಂ ಜಾಕು ನೋಡೋಕೆ ಎಲ್ಲಾ ಒಂದೇ ಥರ, ಆದ್ರೆ ಪಿನ್ನಿನ ಮೇಲೆ ಕಪ್ಪು ಗೆರೆ ಇರ್ತವಲ್ಲ ಅವನ್ನ ಎಣಿಸ್ಬೇಕು. ಎರಡು ಗೆರೆ ಇದ್ರೆ ಟಿಆರ್‌ಎಸ್, ಕ್ಯಾಮೆರಾಕ್ಕೆ. ಮೂರು ಗೆರೆ ಇದ್ರೆ ಟಿಆರ್‌ಆರ್‌ಎಸ್, ಫೋನಿಗೆ, ಹೆಡ್‌ಫೋನೂ ಮೈಕೂ ಒಂದೇ ತೂತಲ್ಲಿ ಹೋಗೋದಕ್ಕೆ ಒಂದು ಗೆರೆ ಜಾಸ್ತಿ. ಎರಡು ಗೆರೆದು ಫೋನಿಗೆ ಚುಚ್ಚಿದ್ರೆ ಸಲೀಸಾಗಿ ಒಳಗೆ ಹೋಗುತ್ತೆ, ಟಕ್ ಅಂತ ಸದ್ದೂ ಬರುತ್ತೆ, ಮೈಕ್ ಮಾತ್ರ ಕೆಲ್ಸ ಮಾಡಲ್ಲ. ಫೋನು ಇದನ್ನ ಬರೀ ಹೆಡ್‌ಫೋನು ಅಂದ್ಕೊಂಡು ತನ್ನದೇ ಮೈಕಲ್ಲಿ ರೆಕಾರ್ಡ್ ಮಾಡ್ತಾ ಹೋಗುತ್ತೆ. ಒಂದು ಎಚ್ಚರಿಕೆ ಇಲ್ಲ, ಒಂದು ಕೆಂಪು ಗುರುತಿಲ್ಲ. ನಾನು ಶಾಟ್‌ಗನ್ನಲ್ಲಿ ಮಾಡಿದ್ದೀನಿ ಅಂದ್ಕೊಂಡ ಮೊದಲ ಮೂರು ವೀಡಿಯೋ ಪೂರ್ತಿ ಫೋನಿನ ಮೈಕಿಂದೇ, ಆ ಮೈಕ್ ಎಷ್ಟು ಚೆನ್ನಾಗಿದೆ ಅಂತ ಒಂದು ವೀಡಿಯೋ ಕೊನೇಲಿ ಹೊಗಳಿದ್ದೆ ಬೇರೆ!

ಸರಿ, ಎರಡು ಗೆರೆನ ಮೂರು ಗೆರೆ ಮಾಡೋ ವೈರು ತಂದೆ. ಅಷ್ಟರಲ್ಲಿ ಫೋನ್ ಬದಲಾಯ್ತು, ಹೊಸದರಲ್ಲಿ ಜಾಕೇ ಇಲ್ಲ, ಟೈಪ್ ಸಿ ಒಂದೇ. 2016ರಲ್ಲಿ ಐಫೋನ್ 7 ಜಾಕ್ ತೆಗೆದಾಗ ನಕ್ಕಿದ್ದೋರ ಪೈಕಿ ನಾನೂ ಒಬ್ಬ, ಈಗ ನನ್ನ ಸರದಿ. ಅದಕ್ಕೊಂದು ಟೈಪ್ ಸಿ ಅಡಾಪ್ಟರ್ ತಂದ್ರೆ ಅದರಲ್ಲೂ ಎರಡು ಜಾತಿ. ಒಂದು ಬರೀ ತಂತಿ ಜೋಡ್ಸಿರೋದು, ಅದು ನಡೀಬೇಕಂದ್ರೆ ಫೋನೇ ಆ ಪೋರ್ಟಲ್ಲಿ ಅನಲಾಗ್ ಧ್ವನಿ ಬಿಡ್ಬೇಕು, ತುಂಬಾ ಫೋನುಗಳು ಬಿಡಲ್ಲ. ಇನ್ನೊಂದರಲ್ಲಿ ಒಳಗೊಂದು ಪುಟ್ಟ ಚಿಪ್ ಇರುತ್ತೆ, ಧ್ವನಿನ ಅದೇ ಡಿಜಿಟಲ್ ಮಾಡುತ್ತೆ. ಹೊರಗಿಂದ ಎರಡೂ ಒಂದೇ ಅಚ್ಚು. ನಾನು ತಂದಿದ್ದು ತಂತಿದು. ಆಮೇಲೆ ಚಿಪ್ಪಿಂದು ತಂದೆ, ಅದು ಹಾಡು ಕೇಳೋಕೆ ಮಾತ್ರ ಅಂತೆ, ಮೈಕಿಗಲ್ವಂತೆ. ಮೂರನೇದು ಸರಿಹೋಯ್ತು, ಅಷ್ಟೊತ್ತಿಗೆ ಶಾಟ್‌ಗನ್ ಬಾಲಕ್ಕೆ ಬಾಲ ಜೋಡ್ಸಿ ಗಾಳಿಪಟ ಆಗಿತ್ತು. ಅದಾದ್ಮೇಲೂ ಫೋನಿನ ಸ್ವಂತ ಕ್ಯಾಮೆರಾ ಆಪ್ ಹೊರಗಿನ ಮೈಕನ್ನ ಕ್ಯಾರೇ ಅನ್ಲಿಲ್ಲ, ಓಪನ್ ಕ್ಯಾಮೆರಾ ಅನ್ನೋ ಉಚಿತ ಆಪ್ ಹಾಕ್ಕೊಂಡು ಅದರಲ್ಲಿ ಆಡಿಯೋ ಸೋರ್ಸ್ ಬದಲಾಯಿಸಿದ್ಮೇಲೇ ದಾರಿಗೆ ಬಂದಿದ್ದು.

ಇದರಿಂದ ಒಂದು ಅಭ್ಯಾಸ ಆಯ್ತು, ಅದು ಮಾತ್ರ ಲಾಭ. ರೆಕಾರ್ಡ್ ಒತ್ತಿದ ತಕ್ಷಣ ಮೈಕಿನ ತಲೆನ ಉಗುರಲ್ಲಿ ಎರಡು ಸಲ ಕೆರೀತೀನಿ, ಐದು ಸೆಕೆಂಡ್ ರೆಕಾರ್ಡ್ ಮಾಡಿ ವಾಪಸ್ ಕೇಳ್ತೀನಿ. ಕರ್ರ್ ಅಂತ ಕಿವಿಗೆ ಹೊಡೆದ್ರೆ ಮೈಕ್ ಬದುಕಿದೆ, ದೂರದಲ್ಲಿ ಎಲ್ಲೋ ಪರಚಿದಂಗೆ ಕೇಳಿದ್ರೆ ಫೋನಿಂದೇ ಓಡ್ತಿದೆ. ಯಾವ ಮೈಕ್ ತಗೊಂಡ್ರೂ ಇದನ್ನ ಮಾಡಿ, ಯಾಕಂದ್ರೆ ಒಮ್ಮೆ ಅಪ್‌ಲೋಡ್ ಮಾಡಿ ಜನ ನೋಡೋಕೆ ಶುರು ಮಾಡಿದ್ಮೇಲೆ ಅದೇ ಲಿಂಕಲ್ಲಿ ಬೇರೆ ಫೈಲ್ ಕೂರಿಸೋಕಾಗಲ್ಲ. ಅಳಿಸಿ ಮತ್ತೆ ಹಾಕ್ಬೇಕು, ವ್ಯೂಸ್ ಸೊನ್ನೆಯಿಂದ. ಅಳಿಸಿದ ವೀಡಿಯೋದ ವಾಚ್ ಅವರ್ಸೂ (ಜನ ನೋಡಿದ ಗಂಟೆಗಳು) ಜಾಹೀರಾತಿನ ದುಡ್ಡು ಬರೋಕೆ ಯೂಟ್ಯೂಬ್ ಕೇಳೋ ಆ 1000 ಸಬ್‌ಸ್ಕ್ರೈಬರ್, 12 ತಿಂಗಳಲ್ಲಿ 4000 ಗಂಟೆ ಅನ್ನೋ ಲೆಕ್ಕಕ್ಕೆ ಬರಲ್ಲ. ನನ್ನ ಎರಡನೇ ಅತಿ ಹೆಚ್ಚು ಓಡಿದ ವೀಡಿಯೋ ಇವತ್ತಿಗೂ ಆ ಕೆಟ್ಟ ಧ್ವನಿಲೇ ಇದೆ, ಅಳಿಸೋಕೆ ಮನಸಿಲ್ಲ, ನೋಡೋಕೆ ನಾಚಿಕೆ.

ಯುಎಸ್‌ಬಿ ಟೇಬಲ್ ಮೈಕಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. ಧ್ವನಿ ನಾಲ್ಕರಲ್ಲೂ ಇದರದ್ದೇ ಚಂದ. ಆದ್ರೆ ಒಂದು ಗೇಣು ದೂರದಲ್ಲಿ ಬಾಯಿ ಇಟ್ಕೊಂಡು ಕೂರ್ಬೇಕು, ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಜಾತಿದಾದ್ರೆ ಪಕ್ಕದ ಕೋಣೆ ಬಾಗಿಲು ಹಾಕಿದ್ದೂ ಬೀಳುತ್ತೆ. ಮೊದಲು ವೀಡಿಯೋ ತೆಗೆದು ಆಮೇಲೆ ಮೇಲಿಂದ ಮಾತು ಸೇರಿಸೋರು, ಕಂಪ್ಯೂಟರ್ ಸ್ಕ್ರೀನ್ ತೋರಿಸಿ ಪಾಠ ಮಾಡೋರು ಕಣ್ಮುಚ್ಕೊಂಡು ಇದನ್ನೇ ತಗೊಳ್ಳಿ. ನಾನೂ ಮೇಲಿಂದ ಮಾತು ಸೇರಿಸೋದನ್ನ ಎರಡು ವೀಡಿಯೋಗೆ ಮಾಡಿ ನೋಡ್ದೆ, ನಟ್ಟು ಜಾರಿದಾಗ ಬಾಯಲ್ಲಿ ಬರೋ ಮಾತು ಆಮೇಲೆ ಕೂತು ಹೇಳಿದ್ರೆ ಬರಲ್ಲ, ರೇಡಿಯೋ ವಾರ್ತೆ ಥರ ಆಯ್ತು.

ವೈರ್‌ಲೆಸ್. ಇದನ್ನ ಬೈಯೋಕೆ ನನಗೇ ಸ್ವಲ್ಪ ಸಂಕೋಚ, ಯಾಕಂದ್ರೆ ಪಿನ್ನಿನ ರಗಳೆ ಇದರಲ್ಲಿ ಇಲ್ಲವೇ ಇಲ್ಲ, ರಿಸೀವರ್ ನೇರ ಟೈಪ್ ಸಿಗೆ ಕೂರುತ್ತೆ, ಮೈಕ್ ಅಂಗಿಗೆ ಸಿಕ್ಕಿಸ್ಕೊಂಡು ಎಲ್ಲಿ ಬೇಕಾದ್ರೂ ಓಡಾಡಿ. ಮೊದಲ ವಾರ ನಾನು ಇದನ್ನ ಎಲ್ರಿಗೂ ತಗೊಳ್ಳಿ ಅಂದೆ. ಆಮೇಲೆ ಒಂದು ಬೇರಿಂಗ್ ವೀಡಿಯೋ ಮಾಡ್ದೆ. ಹಿಂದಿನ ಚಕ್ರದ ಬೇರಿಂಗ್ ಹೋಗಿದ್ರೆ ಕರಕರ ಅಂತ ಸದ್ದು ಬರುತ್ತೆ, ಆ ಸದ್ದು ಕೇಳಿಸ್ಕೊಂಡು ಹೇಗೆ ಪತ್ತೆ ಹಚ್ಚೋದು ಅನ್ನೋದೇ ವೀಡಿಯೋದ ವಿಷಯ. ಎಡಿಟಿಂಗಿಗೆ ಕೂತ್ರೆ ನಾನು ಚಕ್ರ ತಿರುಗಿಸಿ ಕೇಳಿಸ್ತಾ ಕೇಳಿಸ್ತಾ ಅಂತ ಕೇಳ್ತಿದೀನಿ, ಚಕ್ರ ಮೌನ! ಮೈಕಿನ ಪಕ್ಕದಲ್ಲಿ ನಾಯ್ಸ್ ಕ್ಯಾನ್ಸಲ್ ಬಟನ್ ಇದೆ, ಸಿಕ್ಕಿಸ್ಕೊಳ್ಳೋವಾಗ ಬೆರಳು ತಾಗಿ ಆನ್ ಆಗಿದೆ, ಅದರ ಪಾಲಿಗೆ ಮನುಷ್ಯನ ಮಾತು ಬಿಟ್ಟು ಮಿಕ್ಕಿದ್ದೆಲ್ಲಾ ಗಲಾಟೆ, ಪೂರ್ತಿ ನುಂಗಿದೆ.

ಅದು ನನ್ನ ತಪ್ಪು ಅಂತ ಬಿಡೋಣ. ಇವು ಬಹಳಷ್ಟು 2.4 ಗಿಗಾಹರ್ಟ್ಸಲ್ಲಿ ಓಡೋದು, ವೈಫೈ ಬ್ಲೂಟೂತ್ ಎಲ್ಲಾ ಅಲ್ಲೇ, ಜೊತೆಗೆ ಮನುಷ್ಯನ ಮೈ ಆ ಸಿಗ್ನಲ್ಲನ್ನ ಚೆನ್ನಾಗೇ ತಡೆಯುತ್ತೆ. ನಾನು ಬೆನ್ನು ತಿರುಗಿಸಿ ಬಗ್ಗಿದ್ರೆ ಮಾತಿನ ನಡುನಡುವೆ ಒಂದೊಂದು ಅಕ್ಷರ ಮಾಯ. ಚಾರ್ಜ್ ಮಾಡೋದು ಬೇರೆ ನೆನಪಿಟ್ಕೋಬೇಕು, ಮೈಕು, ರಿಸೀವರ್ರು, ಡಬ್ಬಿ. ಕೆಲ್ಸದಿಂದ ಬಂದು ರಾತ್ರಿ ಒಂದು ಗಂಟೆ ಸಿಕ್ಕಿದ್ರೆ ಅದರಲ್ಲಿ ಶೂಟ್ ಮಾಡೋನು ನಾನು, ಬ್ಯಾಟರಿ ಸತ್ತಿದ್ರೆ ಆ ವಾರದ ವೀಡಿಯೋನೇ ಹೋಯ್ತು. ರೇಟು ವೈರಿನ ಮೈಕಿನ ಹತ್ತು ಪಟ್ಟು.

ಈಗ ನಮ್ಮ ಬಡಪಾಯಿ ವೈರು. ಇದನ್ನ ಮೊದಲು ವೀಡಿಯೋ ತೆಗೆಯೋ ಫೋನಿಗೇ ಚುಚ್ಚಿ ಕೈ ಸುಟ್ಕೊಂಡೆ ಅಂತಾನೇ ಹೇಳ್ಬೇಕು, ವೈರು ಪೆಡಲ್ಲಿಗೆ ಸುತ್ಕೊಂಡು ಟ್ರೈಪಾಡ್ ಸಮೇತ ಫೋನು ನನ್ನ ಕಡೆ ನಮಸ್ಕಾರ ಹಾಕ್ತು. ಸರಿಹೋಗಿದ್ದು ಹಳೇ ಫೋನ್ ತೆಗೆದ್ಮೇಲೆ. ಡ್ರಾಯರಲ್ಲಿ ಸ್ಕ್ರೀನ್ ಒಡ್ಕೊಂಡು ಬಿದ್ದಿತ್ತು, ಅದಕ್ಕೆ ಜಾಕ್ ಇದೆ, ಮೈಕಿಗೆ ಮೂರು ಗೆರೆ ಇದೆ, ಹೇಳಿ ಮಾಡಿಸಿದ ಜೋಡಿ. ಅದರಲ್ಲಿ ಒಂದು ರೆಕಾರ್ಡರ್ ಆಪ್ ಹಾಕಿ, ವೇವ್ ಫೈಲು, 48 ಕಿಲೋಹರ್ಟ್ಸ್ ಅಂತ ಸೆಟ್ ಮಾಡಿ, ಏರೋಪ್ಲೇನ್ ಮೋಡಲ್ಲಿಟ್ಟು ಜೇಬಿಗೆ ಹಾಕ್ಕೋತೀನಿ. ಮೈಕ್ ಎದೆ ಮೇಲೆ, ಬಾಯಿಂದ ಒಂದು ಗೇಣು, ನಾನು ಬಗ್ಗಿದ್ರೂ ತಿರುಗಿದ್ರೂ ಆ ಗೇಣು ಗೇಣಾಗೇ ಇರುತ್ತೆ. ವೀಡಿಯೋ ಒಂದು ಫೋನಲ್ಲಿ, ಧ್ವನಿ ಇನ್ನೊಂದರಲ್ಲಿ. ಶುರುವಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿದ್ರೆ ಎರಡೂ ಫೈಲಲ್ಲಿ ಆ ಚಪ್ಪಾಳೆ ಸೂಜಿ ಥರ ಎದ್ದು ಕಾಣುತ್ತೆ, ಅದನ್ನ ಅದಕ್ಕೆ ಹೊಂದಿಸೋದು. ಕ್ಯಾಮೆರಾದ ಧ್ವನಿ ಹೇಗೂ ಇರುತ್ತಲ್ಲ, ನನ್ನ ಮೈಕ್ ಕೈಕೊಟ್ರೂ ಪೂರ್ತಿ ಮುಳುಗಲ್ಲ. ಬೇರಿಂಗಿನ ಕರಕರಕ್ಕೆ ಮೈಕ್ ಬಿಚ್ಚಿ ಚಕ್ರದ ಆಕ್ಸಲ್ ಹತ್ರ ಹಿಡೀತೀನಿ.

ಇದಕ್ಕೂ ಕಿರಿಕಿರಿ ಇದೆ, ಇಲ್ಲ ಅನ್ನಲ್ಲ. ಅಂಗಿ ಉಜ್ಜಿದ್ರೆ ಸರಸರ ಅನ್ನುತ್ತೆ, ಕ್ಲಿಪ್ಪಿನ ಕೆಳಗೆ ವೈರನ್ನ ಒಂದು ಸುತ್ತು ಸುತ್ತಿ ಟೇಪ್ ಹಾಕಿದ್ರೆ ಮುಕ್ಕಾಲು ಹೋಗುತ್ತೆ. ಇನ್ನೊಂದು, ಉದ್ದದ ಶೂಟಲ್ಲಿ ಶುರುವಲ್ಲಿ ಸರಿ ಇದ್ದ ತುಟಿ ಮತ್ತು ಮಾತು ಕೊನೆ ಹೊತ್ತಿಗೆ ಹಿಂದೆ ಮುಂದೆ ಆಗುತ್ತೆ. ಎರಡು ಫೋನಿನ ಗಡಿಯಾರ ಅಷ್ಟು ನಿಖರವಾಗಿ ಒಂದೇ ವೇಗದಲ್ಲಿ ಓಡಲ್ಲ, ಸಾಲದ್ದಕ್ಕೆ ಫೋನ್ ವೀಡಿಯೋದ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಏರುಪೇರು. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಾಯಿಸ್ಕೊಂಡ್ರೆ ಏರುಪೇರು ಸರಿಯಾಗುತ್ತೆ, ನಾನಂತೂ ಸೋಮಾರಿ, ಐದೈದು ನಿಮಿಷಕ್ಕೆ ನಿಲ್ಲಿಸಿ ಮತ್ತೆ ಚಪ್ಪಾಳೆ ತಟ್ತೀನಿ. ಮನೆಯೋರಿಗೆ ಈಗ ಚಪ್ಪಾಳೆ ಸದ್ದು ಕೇಳಿದ್ರೆ ಆ ಕಡೆ ಬರಬಾರದು ಅಂತ ಗೊತ್ತು.

ದಿನಾ ಒಂದು ಶಾರ್ಟ್ಸ್ ಹಾಕೋರಿಗೆ ಈ ಜೋಡ್ಸೋ ಕೆಲ್ಸ ತಲೆನೋವೇ, ಅವರು ವೈರ್‌ಲೆಸ್ ತಗೊಳ್ಳಿ, ನಾನು ತಡೆಯಲ್ಲ. ಇಬ್ಬರು ಕೂತು ಮಾತಾಡೋದು, ಸೈಕಲ್ ಓಡಿಸ್ತಾ ಮಾತಾಡೋದು ಇದ್ರೂ ಅದೇ. ಶಾರ್ಟ್ಸ್ ಫೀಡಲ್ಲಿ ಜನ ನೋಡಿದ ಸಮಯ ಆ 4000 ಗಂಟೆಗೆ ಸೇರಲ್ಲ ಅನ್ನೋದು ಗೊತ್ತಿರ್ಲಿ, ನಾನು ಉದ್ದದ ವೀಡಿಯೋಗೆ ಅಂಟ್ಕೊಂಡಿರೋದು ಅದಕ್ಕೇ. ವಾರಕ್ಕೊಂದು, ಹತ್ತು ಹನ್ನೆರಡು ನಿಮಿಷದ್ದು, ಜೋಡ್ಸೋಕೆ ಕಾಲು ಗಂಟೆ ಹಿಡಿದ್ರೂ ನನಗೆ ನಷ್ಟ ಇಲ್ಲ.

ವೈರಿಗೆ ಬಂದ್ಮೇಲೆ ಚಾನೆಲ್ ಚಿಮ್ಮಿ ಮೇಲೆ ಹೋಯ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಸಬ್‌ಸ್ಕ್ರೈಬರ್ ಬರೋ ವೇಗ ಹೆಚ್ಚುಕಮ್ಮಿ ಅಷ್ಟೇ ಇದೆ, ಥಂಬ್‌ನೇಲ್ ಮಾಡೋಕೆ ನನಗೆ ಇನ್ನೂ ಬರಲ್ಲ. ಬದಲಾಗಿದ್ದು ಆ ಗ್ರಾಫು, ನಾನು ಬಗ್ಗಿದಾಗ ಇಳೀತಿದ್ದ ಗೆರೆ ಈಗ ಇಳಿಯಲ್ಲ. ಕಾಮೆಂಟಲ್ಲಿ ಧ್ವನಿ ಕೇಳಲ್ಲ ಅನ್ನೋರು ಹೋಗಿ ಎಷ್ಟನೇ ನಂಬರ್ ಪಾನಾ ಅಂತ ಕೇಳೋರು ಬಂದಿದಾರೆ.

ವೈರ್‌ಲೆಸ್ ಅಕ್ಕನ ಮಗ ತಗೊಂಡು ಹೋದ, ಅವನು ಹೊರಗಡೆ ಸುತ್ತೋನು, ಅವನಿಗೆ ಅದೇ ಸರಿ. ಶಾಟ್‌ಗನ್ನನ್ನ ಮಾರೋಕಿಟ್ಟಿದೀನಿ, ಮೂರು ಅಡಾಪ್ಟರ್ ಫ್ರೀ. ನೋಡೋಕೆ ಬಂದವರಿಗೆಲ್ಲ ಪಿನ್ ತೋರ್ಸಿ ಎರಡೇ ಗೆರೆ ನೋಡಿ ಅಂತ ಮೊದಲೇ ಹೇಳ್ತಿದೀನಿ, ಅದಕ್ಕೇ ಇರ್ಬೇಕು ಇನ್ನೂ ಹೋಗಿಲ್ಲ.